ಮೊದಲೇ ಹೇಳುತ್ತಿದ್ದ ನರ್ಸಬಾಯಿ

ನಮ್ಮ ಕಾಲುವೆ ಕ್ಯಾಂಪಿನಲ್ಲಿ ಸಮಾಧಾನದ ಮಾತು ಬೇಕಾದವರು ನರ್ಸಬಾಯಿಯ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ‘ಏನೂ ಆಗಂಗಿಲ್ಲ ಹೋಗ್ರಿ’ ಎಂದು ಹೇಳಿಸಿಕೊಳ್ಳಲು ಬಸ್ ಸ್ಟ್ಯಾಂಡಿನ ಹಿಂದೆ ಎಲ್ಲ ರೋಗಕ್ಕೂ ಒಂದೇ ಸೂಜಿ ಚುಚ್ಚುವ ಡಾಕ್ಟರಿದ್ದರು, ತಾಯತ ಕಟ್ಟುವ ಅಜ್ಜನಿದ್ದ, ನಮ್ಮ ಮನೆಯಲ್ಲಂತೂ ನನ್ನ ಗಂಡನೇ ಇದ್ದರು. ನರ್ಸಬಾಯಿ ಮಾತ್ರ ಏನಾಗುತ್ತದೆ ಎಂಬುದನ್ನು, ಎಷ್ಟನೆಯ ದಿನಕ್ಕೆ ಆಗುತ್ತದೆ ಎಂಬುದರ ಸಮೇತ, ಆಗುವ ಮುಂಚೆಯೇ ಹೇಳಿಬಿಡುತ್ತಿದ್ದರು.

ಹೋದ ತಿಂಗಳು ಅವರು ತೀರಿಕೊಂಡರು. ಶಹಾಪುರ, ಸುರಪುರ, ಕೆಂಭಾವಿ ಕಡೆಯ ಹಳ್ಳಿಗಳಿಂದ ಬಂದ ಮಂದಿಯನ್ನು ಕಂಡು ಅವರ ತಮ್ಮನಿಗೇ ಆಶ್ಚರ್ಯ. “ಇಷ್ಟು ಮಂದಿಗಿ ಅಕ್ಕ ಏನು ಕೊಟ್ಟಾಳ್ರಿ?” ಎಂದು ನನ್ನನ್ನು ಕೇಳಿದ. ಕೊಟ್ಟದ್ದೇನೂ ಇಲ್ಲ, ಹೇಳಿದ್ದರು ಅಷ್ಟೇ. ಹಾಗೆ ಹೇಳಿಸಿಕೊಂಡವರಲ್ಲಿ ನಾನೂ ಒಬ್ಬಳು. ನನ್ನ ಎದೆಯಲ್ಲಿ ಗಂಟು ಕಂಡ ವರ್ಷ ಹೈದರಾಬಾದಿನ ದವಾಖಾನೆಯವರು ಅದನ್ನು ತೆಗೆದು, ಎಂಟು ಸಲ ಡ್ರಿಪ್ ಹಾಕಬೇಕೆಂದರು. ಎಂಟನ್ನೂ ಮುಗಿಸಿದರೆ ಬದುಕುವ ಆಸೆ ಇತ್ತು, ನಡುವೆ ಬಿಟ್ಟರೆ ಆ ಆಸೆ ತೀರಾ ಕಡಿಮೆ. ನಡುವೆ ಬಿಡಲು ನಾನು ಎಷ್ಟು ಸಲ ತಯಾರಾಗಿದ್ದೆ ಎಂಬುದು ನನ್ನ ಗಂಡನಿಗೂ ಗೊತ್ತಿಲ್ಲ, ನರ್ಸಬಾಯಿಗೆ ಗೊತ್ತಿತ್ತು.

ಕ್ಯಾಂಪ್ ಎಂದರೆ ಶಹಾಪುರದ ಹತ್ತಿರ ನೀರಾವರಿ ಇಲಾಖೆಯವರಿಗೆಂದು ಕಟ್ಟಿದ ಕ್ವಾರ್ಟರ್ಸುಗಳ ಸಾಲು. ನನ್ನ ಗಂಡ ಕಾಲುವೆ ಆಫೀಸಿನಲ್ಲಿ ಗುಮಾಸ್ತರು, ನಾನು ಅಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ನರ್ಸಬಾಯಿಯದು. ಹೈದರಾಬಾದಿನ ಕ್ಯಾನ್ಸರ್ ವಾರ್ಡಿನಲ್ಲಿ ಬಹಳ ವರ್ಷ ದುಡಿದು, ಆಮೇಲೆ ಊರಿನ ಕಡೆ ಬೇಕೆಂದು ನಮ್ಮ ಕ್ಯಾಂಪಿನ ಸಣ್ಣ ದವಾಖಾನೆಗೆ ಬಂದವರು. ಗಂಡ ಬೇಗ ಹೋಗಿದ್ದರು, ಜತೆಗೆ ತಮ್ಮನಿದ್ದ. ನರ್ಸಬಾಯಿ ಎತ್ತರದ ಆಳು. ಗಂಡಸರ ವಾಚು, ಅದೂ ಅಂಗೈ ಕಡೆಗೆ ತಿರುಗಿಸಿ ಕಟ್ಟಿದ್ದು. ಅಂಗಳದಲ್ಲಿ ಬುದ್ಧನ ಪಟದ ಕೆಳಗೆ ಒಂದು ಬೆಂಚು, ಸಂಜೆಯಾದರೆ ಆ ಬೆಂಚಿನ ಮೇಲೆ ಯಾವುದೋ ಊರಿನ ಯಾರೋ ಫೈಲು ಹಿಡಿದು ಕೂತಿರುತ್ತಿದ್ದರು. ನರ್ಸಬಾಯಿ ಎಲ್ಲರಿಗೂ ‘ರೀ’ ಹಚ್ಚಿಯೇ ಮಾತಾಡುತ್ತಿದ್ದರು. ಸಿಟ್ಟು ಬಂದಾಗ ಮಾತ್ರ, ಇಲ್ಲವೇ ಅಕ್ಕರೆ ಹೆಚ್ಚಾದಾಗ, ‘ರೀ’ ಬಿದ್ದುಹೋಗಿ ‘ನೀ’ ಬರುತ್ತಿತ್ತು.

ನನ್ನ ಮೊದಲ ಡ್ರಿಪ್ಪಿನ ಹಿಂದಿನ ದಿನ ನಮ್ಮ ಪಡಸಾಲೆಗೆ ಬಂದು ಕೂತರು. ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

“ಟೀಚರ್ರ, ಈ ದವಾ ಹ್ಯಾಂಗ ಕೆಲಸ ಮಾಡ್ತದ ಗೊತ್ತದೇನ್ರಿ?”

“ಕ್ಯಾನ್ಸರ್ ಕೊಲ್ತದ್ರಿ.”

“ಕೊಲ್ತದ ಖರೆ. ಆದ್ರ ಅದಕ್ಕ ಕ್ಯಾನ್ಸರಿನ ಮಾರಿ ಗುರ್ತಿಲ್ಲ. ಮೈಯಾಗ ಯಾವುದು ಗಡಿಬಿಡಿಲೆ ಬೆಳೀತದ, ಒಂದು ಹೋಗಿ ಎರಡಾಗ್ತದ, ಅದನ್ನ ಹಿಡೀತದ. ಇಸ್ಪೀಟ್ ಆಡಾವ್ರ ಮ್ಯಾಲ ಪೊಲೀಸರು ಬಿದ್ರ ಓಡಾವ್ರನ್ನ ಹಿಡೀತಾರಲ್ಲ, ಹಂಗ. ಆಟ ಆಡಿದಾವನೂ ಓಡ್ತಾನ, ಚಾ ಕೊಡಾಕ ಬಂದಾವನೂ ಓಡ್ತಾನ. ಇಬ್ಬರಿಗೂ ಲಾಠಿ.”

“ನನ್ನ ಮೈಯಾಗ ಚಾ ಕೊಡಾಕ ಬಂದಾವ ಯಾರ್ರಿ?”

“ಕೂದಲಿನ ಬೇರು. ಬಾಯಿ ಒಳಗಿನ ತೊಗಲು. ಕರುಳು. ಎಲುಬಿನೊಳಗ ರಕ್ತ ಹುಟ್ಟೂ ಜಾಗ. ಇವೆಲ್ಲಾ ದಿನಾ ಹೊಸದಾಗಿ ಬೆಳಿಯೂವು, ಅದಕ್ಕ ಪೆಟ್ಟು ಬೀಳ್ತದ. ಆದ್ರ ಒಳ್ಳೇವು ಮತ್ತ ಎದ್ದು ನಿಲ್ತಾವ. ಕ್ಯಾನ್ಸರಿಗಿ ಅಷ್ಟು ಜಲ್ದಿ ಏಳಾಕ ಬರಂಗಿಲ್ಲ. ಆ ಫರಕಿನ ಮ್ಯಾಲ ನಮ್ಮ ಆಟ ಎಲ್ಲಾ.”

ಆಮೇಲೆ ಬೆರಳು ಮಡಚುತ್ತ ದಿನ ಹೇಳಿದರು. ಹಾಕುವ ಔಷಧಿ ಕೆಂಪಗಿರುತ್ತದೆ, ಒಂದೆರಡು ದಿನ ಮೂತ್ರವೂ ಕೆಂಪಗೆ ಹೋಗುತ್ತದೆ, ರಕ್ತವೆಂದು ಚೀರಬಾರದು. ವಾಂತಿಯ ಗುಳಿಗೆಯನ್ನು ವಾಂತಿ ಬರುವ ಮುಂಚೆ ನುಂಗಬೇಕು, ಬಂದಮೇಲೆ ನುಂಗಿದರೆ ಅದೂ ಹೊರಗೇ ಬರುತ್ತದೆ. ಒಂದು ವಾರಕ್ಕೆ ಬಾಯಿ ಹುಣ್ಣು, ಖಾರ ಮುಟ್ಟುವ ಹಾಗಿಲ್ಲ. ಎರಡು ಮೂರು ವಾರಕ್ಕೆ ತಲೆಗೂದಲು ದಿಂಬಿನ ಮೇಲೆ. ನಡುವೆ ಹತ್ತನೆಯ ದಿನದ ಆಜುಬಾಜು, ರೋಗದ ಜತೆ ಬಡಿದಾಡುವ ಬಿಳಿ ರಕ್ತಕಣ ತಳ ಮುಟ್ಟಿರುತ್ತವೆ.

“ಆವಾಗ ಜ್ವರ ಬಂತಂದ್ರ ಮನ್ಯಾಗ ಕುಂದ್ರೂ ಹಂಗಿಲ್ಲ. ನೂರರ ಮ್ಯಾಲ ಏರಿತಂದ್ರ ದೊಡ್ಡ ದವಾಖಾನಿ. ಗುಳಿಗಿ ನುಂಗಿ ಜ್ವರ ಮುಚ್ಚಿಡೂ ಹಂಗಿಲ್ಲ. ಏನಂದೆ? ನೀವೊಮ್ಮೆ ಹೇಳ್ರಿ ನೋಡೂಣು.”

ಮಕ್ಕಳಿಗೆ ಪದ್ಯ ಒಪ್ಪಿಸಲು ಹಚ್ಚುವ ನಾನು ಅಂದು ಅವರ ಮುಂದೆ ಜ್ವರದ ಪಾಠ ಒಪ್ಪಿಸಿದೆ. ನನ್ನ ಅತ್ತೆಗೆ ತಡೆಯಲಾಗಲಿಲ್ಲ. ಮೊರ ಕೆಳಗಿಟ್ಟು, “ಯವ್ವಾ, ಆಗೂದು ಆಗ್ತದ. ಮೊದ್ಲ ಯಾಕ ಅಪಶಕುನ ನುಡೀತಿ?” ಎಂದರು.

“ಆಯಿ, ಮೊದ್ಲ ಹೇಳಿದ್ರ ಅದು ಬ್ಯಾನಿ. ಬಂದಮ್ಯಾಲ ಹೇಳಿದ್ರ ಅದು ದೆವ್ವ,” ಎಂದು ನರ್ಸಬಾಯಿ ಎದ್ದುಹೋದರು.

ನನಗೂ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೆ ಮರುದಿನ ದವಾಖಾನೆಯ ಪಾಯಖಾನೆಯಲ್ಲಿ ಕೆಂಪು ಕಂಡಾಗ ನಾನು ಹೆದರಲಿಲ್ಲ. ನನ್ನ ಪಕ್ಕದ ಹಾಸಿಗೆಯ ಹೆಂಗಸು ಹೆದರಿ ಕಿರುಚಿದ್ದಕ್ಕೆ ನಾಲ್ಕು ಮಂದಿ ಅವಳನ್ನು ಹಿಡಿಯಬೇಕಾಯಿತು.

ಇಪ್ಪತ್ತೊಂದು ದಿನಕ್ಕೊಮ್ಮೆ ಯಾಕೆ, ಒಂದೇ ಸಲಕ್ಕೆ ಹಾಕಿ ಕೈಬಿಡಬಾರದೇ ಎಂದು ಒಮ್ಮೆ ಕೇಳಿದೆ. ಕಾಲುವೆಯಲ್ಲಿ ವಾರಾಬಂದಿ ಯಾಕೆ ಮಾಡುತ್ತಾರೆ ಎಂದು ಅವರೇ ತಿರುಗಿ ಕೇಳಿದರು. ಇಷ್ಟು ದಿನ ನೀರು, ಇಷ್ಟು ದಿನ ಬಂದ್, ಇದು ನಮ್ಮ ಕಡೆ ಎಳೆಮಕ್ಕಳಿಗೂ ಗೊತ್ತು. ಬಂದ್ ಇಲ್ಲದೆ ಒಂದೇ ಸವನೆ ಹರಿಸಿದರೆ ನೆಲ ಜವಳು ಹಿಡಿದು ಬಿತ್ತಲು ಬಾರದ ಹಾಗಾಗುತ್ತದೆ. “ನೆಲಾ ಆರಬೇಕ್ರಿ ಟೀಚರ್,” ಎಂದರು. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದು ಅಂದು ನನಗೆ ತಿಳಿಯಿತು.

ಅವರನ್ನು ನೆನೆದರೆ ನನಗೆ ನಗು ಬರಿಸುವ ಒಂದು ಸಂಗತಿಯಿದೆ. ಕೆಂಭಾವಿ ಕಡೆಯ ಒಬ್ಬ ರೈತನಿಗೆ ಕರುಳಿನ ಕ್ಯಾನ್ಸರು. ಹೈದರಾಬಾದಿಗೆ ಹೋಗಿ ಡ್ರಿಪ್ ಹಾಕಿಸಿಕೊಂಡು ಬಂದ. ಪುಷ್ಯಮಾಸದ ಚಳಿ. ಮರುದಿನ ಮುಂಜಾನೆ ಹೊಲಕ್ಕೆ ಹೋಗಿ ಕಾಲುವೆ ನೀರಿನಲ್ಲಿ ಕೈ ಅದ್ದಿದ, ಮೊಣಕೈವರೆಗೂ ಜುಮ್ಮೆಂದು ಶಾಕ್ ಹೊಡೆಯಿತು. ಮೋಟಾರಿನ ಹಿಡಿಕೆ ಮುಟ್ಟಿದ, ಅಲ್ಲೂ ಶಾಕ್. ಮೋಟಾರಿನಿಂದ ನೀರಿಗೆ ಕರೆಂಟು ಇಳಿದಿದೆ ಎಂದು ಕೂಗಾಡಿದ. ಊರಿನ ಹೆಂಗಸರು ಕೊಡ ತುಂಬುವುದು ಬಿಟ್ಟರು, ದನಗಳನ್ನು ನೀರಿಗೆ ಬಿಡಲಿಲ್ಲ. ಕಾಲುವೆಗೆ ಮೋಟಾರು ಹಚ್ಚುವುದೇ ಕದ್ದು ಮಾಡುವ ಕೆಲಸ, ಆದರೂ ಪುಣ್ಯಾತ್ಮ ತಾನಾಗಿ ಲೈನ್‌ಮನ್‌ನನ್ನು ಕರೆಸಿದ. ಲೈನ್‌ಮನ್ ಟೆಸ್ಟರ್ ಹಿಡಿದು ನೋಡಿದರೆ ಏನೂ ಇಲ್ಲ. ಎರಡು ದಿನ ನೀರು ಕಾಣದೆ ಶೇಂಗಾ ಬಾಡತೊಡಗಿತು.

ಅದೇ ಊರಿಗೆ ಲಸಿಕೆ ಹಾಕಲು ಹೋಗಿದ್ದ ನರ್ಸಬಾಯಿ ಸುದ್ದಿ ಕೇಳಿ ನೇರ ಕಾಲುವೆಗೆ ಹೋದರು. ಎಲ್ಲರೂ ಬೇಡ ಬೇಡ ಎನ್ನುವಾಗಲೇ ಎರಡೂ ಕೈ ನೀರಿನಲ್ಲಿಟ್ಟು ಕೂತರು.

“ಡ್ರಿಪ್ ಯಾವತ್ತ ಹಾಕ್ಯಾರ್ರಿ?”

“ಮೊನ್ನಿ ಅಲ್ಲ ಆಚಿಮೊನ್ನಿ, ಬಾಯಿ.”

“ನೀರಾಗ ಕರೆಂಟಿಲ್ಲ. ನಿಮ್ಮ ಕೈಯಾಗ ಅದರಿ.”

ಆ ಔಷಧಿ ನರಗಳನ್ನು ಮುಟ್ಟುತ್ತದೆ, ಹಾಕಿದ ಮೇಲೆ ಕೆಲವು ದಿನ ತಣ್ಣನೆಯದು ಏನು ಮುಟ್ಟಿದರೂ ಹೀಗೇ ಹೊಡೆಯುತ್ತದೆ, ತಣ್ಣೀರು ಕುಡಿದರೆ ಗಂಟಲೂ ಬಿಗಿಯುತ್ತದೆ ಎಂದು ತಿಳಿಸಿದರು. ಬಿಸಿನೀರು ಕುಡಿಯಿರಿ, ಕೈಗವಸು ಕಾಲುಚೀಲ ಹಾಕಿಕೊಳ್ಳಿರಿ, ಮುಂದಿನ ಸಲ ಡಾಕ್ಟರಿಗೆ ತಪ್ಪದೆ ಹೇಳಿರಿ, ಜುಮ್ಮು ದಿನವೂ ಉಳಿದರೆ ಅವರು ಔಷಧಿ ಕಡಿಮೆ ಮಾಡುತ್ತಾರೆ ಎಂದರು. ಆ ರೈತ ಈಗಲೂ ಇದ್ದಾನೆ. ನರ್ಸಬಾಯಿಯ ಮಣ್ಣಿಗೂ ಬಂದಿದ್ದ.

ಇನ್ನು ನನ್ನ ದಡ್ಡತನ. ಮೂರನೆಯ ಡ್ರಿಪ್ ಆಗಿ ಹತ್ತನೆಯ ದಿನ. ಕಾಲುವೆಗೆ ನೀರು ನಿಂತ ಮೇ ತಿಂಗಳು. ನಮ್ಮ ಕಡೆಯ ಬೇಸಿಗೆಯಲ್ಲಿ ಮೊದಲು ಜ್ವರ ಬರುವುದು ಥರ್ಮಾಮೀಟರಿಗೆ. ಗೋಡೆಯ ಮಾಡದಲ್ಲಿ ಸುಮ್ಮನೆ ಇಟ್ಟರೂ ಸೆಕೆಗೆ ಪಾದರಸ ಮೇಲೇರಿ ಕೂತಿರುತ್ತದೆ. ಅದಕ್ಕೇ ನರ್ಸಬಾಯಿ ತಮ್ಮದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ನೀರಿನ ಗಡಿಗೆಯ ಬುಡದಲ್ಲಿಡುತ್ತಿದ್ದರು, ಬಾಯಿಗಿಡುವ ಮುಂಚೆ ಜಾಡಿಸಿ ಇಳಿಸುತ್ತಿದ್ದರು. ನನಗೂ ಹಾಗೇ ಮಾಡಲು ಹೇಳಿದ್ದರು. ನಾನು ಅಡುಗೆಮನೆಯ ಮಾಡದಲ್ಲಿಟ್ಟಿದ್ದೆ.

ಅಂದು ಮುಂಜಾನೆಯಿಂದ ಮೈ ನಡುಕ. ಥರ್ಮಾಮೀಟರ್ ಇಟ್ಟರೆ ನೂರಾ ಏಳು. ನನ್ನ ಗಂಡ ಕಿತ್ತುಕೊಂಡು ತಮ್ಮ ಬಾಯಿಗಿಟ್ಟರು, ನೂರಾ ಏಳು. ಅತ್ತೆಗೂ ಅಷ್ಟೇ. “ಗ್ವಾಡಿಗಿ ಹಚ್ಚಿದ್ರ ಗ್ವಾಡಿಗೂ ಜ್ವರ,” ಎಂದು ಗಂಡ ನಕ್ಕರು, ನಾನೂ ನಕ್ಕೆ. ನರ್ಸಬಾಯಿ ಊರಲ್ಲಿರಲಿಲ್ಲ. ಸೆಕೆಗೆ ಹೀಗಾಗಿದೆ ಎಂದುಕೊಂಡು ಒಂದು ಜ್ವರದ ಗುಳಿಗೆ ನುಂಗಿ ಮಲಗಿದೆ. ಒಪ್ಪಿಸಿದ ಪಾಠವನ್ನು ಮರೆಯುವುದರಲ್ಲಿ ಟೀಚರುಗಳು ಮಕ್ಕಳಿಗಿಂತ ಮುಂದು.

ಮೂರು ಗಂಟೆಗೆ ನರ್ಸಬಾಯಿ ಬಸ್ಸಿಳಿದು ಚೀಲದ ಸಮೇತ ನಮ್ಮ ಮನೆಗೇ ಬಂದರು. ಕತ್ತಿಗೆ ಕೈಯಿಟ್ಟು ನೋಡಿ, ತಮ್ಮ ಥರ್ಮಾಮೀಟರ್ ತಂದಿಟ್ಟರು. ಗುಳಿಗೆ ನುಂಗಿದ ಮೇಲೂ ನೂರಾ ಎರಡು.

“ನೀ ಸಾಯಾಕ ಹೊಂಟೀಯೇನ? ಏಳು!”

ಅವರು ‘ನೀ’ ಎಂದದ್ದು ಕೇಳಿಯೇ ನನ್ನ ಗಂಡನ ಮುಖ ಬಿಳಿಚಿಕೊಂಡಿತು. ನರ್ಸಬಾಯಿ ಕಾಲುವೆ ಆಫೀಸಿನ ಜೀಪನ್ನು ಹೇಳದೆ ಕೇಳದೆ ತರಿಸಿದರು. ಗುಲಬರ್ಗಾದ ದವಾಖಾನೆಯಲ್ಲಿ ಚೀಟಿ ಮಾಡಿಸುವ ಸಾಲಿಗೆ ನಿಲ್ಲದೆ ಒಳಗೆ ನುಗ್ಗಿ, ಯಾವ ಔಷಧಿ, ಎಷ್ಟನೆಯ ದಿನ, ಎಷ್ಟು ಜ್ವರ ಎಂದು ಮೂರೇ ಮಾತಿನಲ್ಲಿ ಡಾಕ್ಟರಿಗೆ ಹೇಳಿದರು. ರಕ್ತ ನೋಡಿದರೆ ಬಿಳಿ ಕಣ ಇಲ್ಲವೆನ್ನುವಷ್ಟು ಕಡಿಮೆ. ಆರು ದಿನ ನರಕ್ಕೆ ಔಷಧಿ ಹೋಯಿತು. ಇನ್ನೊಂದು ರಾತ್ರಿ ಮನೆಯಲ್ಲಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು.

ಮನೆಗೆ ಬಂದವಳೇ ಸಾಕು ಎಂದೆ. ಇನ್ನೂ ಐದು ಡ್ರಿಪ್ ಉಳಿದಿದ್ದವು. ರೋಗದಿಂದ ಸತ್ತರೆ ಸಾಯುತ್ತೇನೆ, ಔಷಧಿಯಿಂದ ಸಾಯಲಾರೆ ಎಂದೆ. ಗಂಡ ಅತ್ತರು, ಅತ್ತೆ ದೇವರಿಗೆ ಹೇಳಿಕೊಂಡರು. ನರ್ಸಬಾಯಿ ಎರಡು ದಿನ ಬರಲೇ ಇಲ್ಲ. ಮೂರನೆಯ ದಿನ ಬಂದು ಮಂಚದ ತುದಿಗೆ ಕೂತು, ನನ್ನ ಮುಖ ನೋಡದೆ ಮಾತಾಡಿದರು.

“ವಾರ್ಡಿನ್ಯಾಗ ಹೊಸದಾಗಿ ಸೇರಿದಾಗ ಸುರಪುರ ಕಡಿ ಹುಡುಗಿ ಒಬ್ಬಾಕಿ ಬಂದಿದ್ಲು. ಮದ್ವ್ಯಾಗಿ ಎರಡು ವರ್ಷ. ಎಲ್ಲಾ ಕೇಳಾಕಿ. ಸಿಸ್ಟರ್, ಕೂದಲು ಹೋಗ್ತದೇನ್ರಿ? ಬಾಯಿ ಹುಣ್ಣಾಗ್ತದೇನ್ರಿ? ಪಾಪ ಅನ್ಸಿ, ನಿನಗೇನೂ ಆಗಂಗಿಲ್ಲ ತಂಗಿ ಅಂದೆ. ಹದಿನೈದು ದಿನಕ್ಕ ಎಲ್ಲಾ ಆತು. ಸಿಸ್ಟರ್ ಆಗಂಗಿಲ್ಲ ಅಂದಿದ್ರು, ಆಗ್ಯಾದ, ಅಂದ್ರ ನನಗ ತಪ್ಪು ದವಾ ಕೊಟ್ಟಾರ ಅಂತ ತಿಳ್ಕೊಂಡ್ಲು. ಊರಿಗಿ ಹೋದಾಕಿ ಮತ್ತ ಬರ್ಲಿಲ್ಲ. ಗುಣಾ ಆಗೂ ಜಡ್ಡು ಇತ್ತು ಟೀಚರ್ರ. ಆಕಿ ಜಡ್ಡಿನಿಂದ ಹೋಗ್ಲಿಲ್ಲ, ನನ್ನ ಸುಳ್ಳಿನಿಂದ ಹೋದ್ಲು.”

ಆಮೇಲೆ ನನ್ನ ಕಡೆ ತಿರುಗಿದರು.

“ನಿಮಗ ನಾ ಸುಳ್ಳು ಹೇಳೀನೇನು?”

“ಇಲ್ರಿ.”

“ಮುಂದಿಂದೂ ಕೇಳ್ರಿ ಹಂಗಾರ. ಡ್ರಿಪ್ ಹಾಕಿದ ಮರುದಿನ ಡಾಕ್ಟರು ಹೊಟ್ಟಿ ತೊಗಲಿಗಿ ಒಂದು ಸಣ್ಣ ಸೂಜಿ ಹಾಕ್ತಾರ, ಬಿಳಿ ಕಣ ಜಲ್ದಿ ಏಳಾಕ. ಸೊಂಟದ ಎಲುಬು ನೋಯ್ತಾವ, ಅಳೂ ಹಂಗ ನೋಯ್ತಾವ. ಐದನೇದರಿಂದ ದವಾ ಬದಲಿ. ಅಂಗಾಲು ಮರಗಟ್ಟತಾವ, ಚಪ್ಪಲಿ ಬಿಚ್ಚಿದ್ದು ಗೊತ್ತಾಗಂಗಿಲ್ಲ. ಉಗುರು ಕರ್ರಗ ಆಗ್ತಾವ. ಇಷ್ಟ ಅದ. ಬಿಡ್ತೀನಂದ್ರ ಇಷ್ಟೆಲ್ಲಾ ಕೇಳಿ ಬಿಡ್ರಿ.”

ಬಿಡಲಿಲ್ಲ. ಎಂಟೂ ಮುಗಿದವು. ಅವರು ಹೇಳಿದ್ದೆಲ್ಲ ಒಂದೂ ಬಿಡದೆ ಬಂತು, ಬಂದದ್ದೆಲ್ಲ ಪರಿಚಯದವರ ಹಾಗೆ ಬಂದು ಹೋಯಿತು. ಕೊನೆಗೆ ಐದು ವರ್ಷದ ಗುಳಿಗೆ. ನನ್ನಂಥ ಗಂಟು ಹೆಂಗಸಿನ ಮೈಯ ರಸದಿಂದಲೇ ಬೆಳೆಯುವಂಥದು, ಈ ಗುಳಿಗೆ ಯಾರನ್ನೂ ಕೊಲ್ಲುವುದಿಲ್ಲ, ಗಂಟಿಗೆ ಆ ರಸ ಸಿಗದ ಹಾಗೆ ಬಾಗಿಲು ಹಿಡಿದು ಕೂರುತ್ತದೆ ಎಂದರು. ಬದಲಿಗೆ ನನಗೆ ಐದು ವರ್ಷ ಬಿಸಿ ಜಳ. ಪಾಠ ಮಾಡುತ್ತಿರುವಾಗಲೇ ಕಿವಿಯವರೆಗೆ ಕೆಂಪಾಗಿ ಬೆವರುತ್ತಿದ್ದೆ, ಹುಡುಗರು ನನಗೆ ಸಿಟ್ಟು ಬಂದಿದೆಯೆಂದು ತಿಳಿದು ಗಪ್‌ಚುಪ್ ಕೂರುತ್ತಿದ್ದರು. ನನ್ನ ತರಗತಿಯಲ್ಲಿ ಶಿಸ್ತು ಅಷ್ಟು ಚೆನ್ನಾಗಿ ಮುಂಚೆ ಎಂದೂ ಇರಲಿಲ್ಲ.

ನಿವೃತ್ತಿಯಾದ ಮೇಲೆ ನರ್ಸಬಾಯಿಗೇ ಕೆಮ್ಮು ಹಿಡಿಯಿತು. ಬೀಡಿ ಸಿಗರೇಟು ಮುಟ್ಟದ ಜೀವ, ಶ್ವಾಸಕೋಶದಲ್ಲಿ ಗಡ್ಡೆ, ಕಂಡಾಗಲೇ ಎಲುಬಿಗೆ ಇಳಿದಿತ್ತು. ತುಣುಕು ತೆಗೆದು ಪರೀಕ್ಷೆ ಮಾಡಿ, ಡ್ರಿಪ್ ಬೇಡ, ಈ ಗಡ್ಡೆಗೆ ಗುಳಿಗೆ ನಾಟುವ ಗುರುತಿದೆ ಎಂದರಂತೆ ಡಾಕ್ಟರು. “ಇದು ಓಡಾವ್ರನ್ನ ಹಿಡಿಯೂ ಪೊಲೀಸ್ ಅಲ್ರಿ, ಕಿಸೆದಾಗ ಫೋಟೋ ಇಟ್ಕೊಂಡು ಬಂದಾವ. ಆದ್ರ ನನ್ನ ತೊಗಲಿನ ಮಾರೀನೂ ಆ ಫೋಟೋಕ್ಕ ಜರಾ ಹೋಲ್ತದ,” ಎಂದರು. ಹೇಳಿದ ಹಾಗೇ ಹತ್ತು ದಿನಕ್ಕೆ ಮುಖದ ತುಂಬ ಗುಳ್ಳೆ. ಕನ್ನಡಿ ನೋಡಿಕೊಂಡು, “ಅರವತ್ತೇಳಕ್ಕ ಹರೇದ ಮೊಡವಿ ಬಂದಾವ ನೋಡ್ರಿ,” ಎಂದು ನಕ್ಕರು. ಕೆಮ್ಮು ನಿಂತಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರ ಅಂಗಳದ ಬೆಂಚು ಮೊದಲಿನ ಹಾಗೇ ತುಂಬಿರುತ್ತಿತ್ತು.

ಆಮೇಲೆ ಗುಳಿಗೆ ನಾಟುವುದು ನಿಂತಿತು. ಕಳ್ಳ ವೇಷ ಬದಲಿಸಿದ್ದಾನೆ ಎಂದರು. ಮೈಯ ಕಾವಲುಗಾರರನ್ನೇ ಎಬ್ಬಿಸುವ ಹೊಸ ಔಷಧಿ ಬಂದಿದೆಯಲ್ಲ ಎಂದು ನಾನು ಪೇಪರಿನಲ್ಲಿ ಓದಿದ್ದನ್ನು ಹೇಳಿದೆ. “ಕೇಳೀನ್ರಿ. ಎದ್ದ ಕಾವಲುಗಾರ ಒಮ್ಮೊಮ್ಮೆ ಮನಿಮಂದಿನ್ನೂ ಹೊಡೀತಾನ, ಕರುಳಿಗಿ, ಉಸಿರಿಗಿ. ಅದಿರ್ಲಿ, ನನ್ನಂಥ ಗಡ್ಡಿಗಿ ಅದು ಅಷ್ಟು ನಾಟಂಗಿಲ್ಲಂತ,” ಎಂದರು. ಉಳಿದದ್ದು ಹಳೆಯ ಡ್ರಿಪ್ಪೇ.

ಡ್ರಿಪ್ಪಿಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಹೋದೆ. ಅವರ ತಮ್ಮ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ಇದರಿಂದ ಗುಣವಾಗುವುದಿಲ್ಲ, ಕೆಲವು ತಿಂಗಳು ಸಿಕ್ಕರೆ ಹೆಚ್ಚು ಎಂದು ಡಾಕ್ಟರು ತನಗೆ ಬೇರೆಯಾಗಿ ಹೇಳಿದ್ದನ್ನು ಪಿಸುಗುಟ್ಟಿದ. ಅಕ್ಕನಿಗೆ ಹೇಳಬೇಡಿರೆಂದು ಕೈ ಮುಗಿದ.

ನರ್ಸಬಾಯಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು.

“ಟೀಚರ್ರ, ಹೇಳ್ರಿ.”

“ಏನ್ರಿ?”

“ಡ್ರಿಪ್ ಹಾಕಿದ ಮ್ಯಾಲ ಏನೇನಾಗ್ತದ ಹೇಳ್ರಿ.”

“ನಿಮಗ ನಾ ಹೇಳೂದೇನ್ರಿ ಸಿಸ್ಟರ್!”

“ನಾ ಎಲ್ಲಾರಿಗೂ ಹೇಳೀನಿ. ನನಗ ಯಾರೂ ಹೇಳಿಲ್ಲ.”

ಹೇಳಿದೆ. ಮೊದಲ ದಿನದ ಬಾಯಿಯ ಲೋಹದ ರುಚಿ, ಮೂರನೆಯ ದಿನದ ಸುಸ್ತು, ಎದ್ದು ಕೂರಲೂ ಮನಸ್ಸಾಗದ ಮಧ್ಯಾಹ್ನಗಳು, ಹತ್ತನೆಯ ದಿನದ ಜ್ವರ. ಎರಡು ಕಡೆ ತಪ್ಪು ಹೇಳಿದೆ ಎಂದು ಆಮೇಲೆ ಹೊಳೆಯಿತು. ಅವರು ತಿದ್ದಲಿಲ್ಲ. ಮಡಿಲಲ್ಲಿ ಕೈಯಿಟ್ಟುಕೊಂಡು, ಏನೂ ಅರಿಯದವರ ಹಾಗೆ, ಒಂದೊಂದು ಮಾತಿಗೂ ಹೂಂ ಎನ್ನುತ್ತ ಕೇಳಿದರು. ಕೊನೆಗೆ ಬಹಳ ಸಣ್ಣ ದನಿಯಲ್ಲಿ ಕೇಳಿದರು.

“ಇದರಿಂದ ನನಗ ಗುಣಾ ಆಗ್ತದೇನ್ರಿ?”

ಬಾಗಿಲಲ್ಲಿ ನಿಂತ ತಮ್ಮ ಕಣ್ಣಲ್ಲೇ ಬೇಡ ಬೇಡ ಎನ್ನುತ್ತಿದ್ದ. ಅವರ ಮೇಲಿನ ಪ್ರೀತಿಗೆ ಒಂದು ಸುಳ್ಳು ನನ್ನ ನಾಲಿಗೆಯವರೆಗೆ ಬಂತು. ಆ ಸುರಪುರದ ಹುಡುಗಿಗೆ ಅವರು ಸುಳ್ಳು ಹೇಳಿದ್ದು ಯಾಕೆಂದು ನನಗೆ ಆಗ ಅರ್ಥವಾಯಿತು.

“ಇಲ್ರಿ ಸಿಸ್ಟರ್,” ಎಂದೆ. “ಗುಣಾ ಆಗಂಗಿಲ್ಲ. ಉಸಿರು ಹಗುರಾಗ್ತದಂತ. ದಿನಾ ಸಿಗ್ತಾವ.”

ನಾನು ಅಳತೊಡಗಿದೆ. ಅವರು ನನ್ನ ಕೈ ಹಿಡಿದುಕೊಂಡರು. ಆಮೇಲೆ ಬಾಗಿಲಿನ ಕಡೆ ತಿರುಗಿದರು.

“ಕೇಳಿದಿಲ್ಲೋ ತಮ್ಮಾ? ಇನ್ನ ಅಲ್ಲಿ ನಿಂತು ಕಣ್ಸನ್ನಿ ಮಾಡೂದು ಬಿಟ್ಟು ನನ್ನ ಚೀಲಾ ತುಂಬು. ಯಾದಗಿರಿ ಗಾಡಿ ಮುಂಜಾನಿ ಅದ.”

ತಮ್ಮ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋಗಿ ಎರಡು ಸೀರೆ ತಂದು ಚೀಲಕ್ಕೆ ಹಾಕಿದ.

“ನಾಕು ಹಾಕು,” ಎಂದರು ನರ್ಸಬಾಯಿ. “ದಿನಾ ಸಿಗ್ತಾವ ಅಂದಾಳಲ್ಲ ಟೀಚರು.”